ಜೀಪು ಎಲ್ಲಿ ನಿಲ್ಲಿಸ್ತೀರಿ ಅನ್ನೋದ್ರಿಂದ ಶುರು

(ದಾವಣಗೆರೆಲಿ ಲಾ ಓದೋ ಹುಡುಗ್ರ ಮುಂದೆ ಮಾತಾಡಿದ್ದು ಇದು. ರೆಕಾರ್ಡಿಂಗ್ ಕೇಳ್ಕೊಂಡು ನಾನೇ ಟೈಪ್ ಮಾಡಿದೀನಿ. ಮಾತಾಡಿದ್ದು ಹೆಂಗಿತ್ತೋ ಹಂಗೇ ಇದೆ, ಮೈಕ್ ಕೈ ಕೊಟ್ಟಾಗ ಬೈದಿದ್ದು ಮಾತ್ರ ತೆಗೆದಿದೀನಿ.)

ಎಲ್ರಿಗೂ ನಮಸ್ಕಾರ. ಕರಪತ್ರದಲ್ಲಿ ನನ್ನ ಹೆಸರಿನ ಮುಂದೆ ನಿವೃತ್ತ ಪೊಲೀಸ್ ಅಧಿಕಾರಿ ಅಂತ ದೊಡ್ಡದಾಗಿ ಹಾಕಿದಾರೆ. ನಾನು ಸೇರಿದ್ದು ಕಾನ್‌ಸ್ಟೇಬಲ್ ಆಗಿ, ರಿಟೈರ್ ಆಗಿದ್ದು ಪಿಎಸ್‌ಐ ಆಗಿ, ಹಂಗಾಗಿ ದೊಡ್ಡ ಸಾಹೇಬ್ರ ಥರ ಪಾಲಿಸಿ ಗೀಲಿಸಿ ಅಂತ ಮಾತಾಡೋಕೆ ನಂಗೆ ಬರಲ್ಲ. ದಾವಣಗೆರೆ, ಚಿತ್ರದುರ್ಗ ಎರಡೂ ಕಡೆ ಕೆಲಸ ಮಾಡಿದೀನಿ. ನಾನು ಸೇರಿದಾಗ ದಾವಣಗೆರೆ ಇನ್ನೂ ಜಿಲ್ಲೆನೇ ಆಗಿರ್ಲಿಲ್ಲ, ಅದು ಆಗಿದ್ದು 1997ರಲ್ಲಿ, ಅಲ್ಲಿವರೆಗೂ ಏನೇ ಆದ್ರೂ ದುರ್ಗದ ಎಸ್ಪಿ ಆಫೀಸೇ ನಮಗೆ.

ಸಿನಿಮಾ ನೋಡಿ ನೋಡಿ ನಮ್ಮ ಜನರ ತಲೇಲಿ ಒಂದು ಕೂತಿದೆ. ಪೊಲೀಸ್ ಅಂದ್ರೆ ರೌಡಿ ಮಚ್ಚು ಎತ್ತಿದ ಕ್ಷಣದಲ್ಲಿ ಪಟ್ ಅಂತ ತೀರ್ಮಾನ ಮಾಡ್ತಾನೆ, ಹೊಡೀಬೇಕಾ ಬಿಡಬೇಕಾ ಅಂತ. ಪೊಲೀಸ್ ಅಪಾಯ ಅಳೆಯೋದರ ಬಗ್ಗೆ ನಾನು ಹೇಳೋದು ಅದಕ್ಕೆ ಉಲ್ಟಾ. ಆ ಕ್ಷಣ ಬಂದಾಗ ತೀರ್ಮಾನ ಮಾಡೋಕೆ ಉಳಿದಿರೋದು ಬಹಳ ಕಮ್ಮಿ, ಮುಕ್ಕಾಲು ಪಾಲು ಅದಕ್ಕಿಂತ ಹತ್ತು ನಿಮಿಷ ಮುಂಚೆನೇ ಆಗಿ ಹೋಗಿರುತ್ತೆ, ಫೋನಲ್ಲಿ ಏನು ಕೇಳಿದ್ರಿ, ಜೀಪು ಎಲ್ಲಿ ನಿಲ್ಲಿಸಿದ್ರಿ, ಯಾರು ಎಲ್ಲಿ ನಿಂತ್ರಿ ಅನ್ನೋದ್ರಲ್ಲಿ.

112ಕ್ಕೆ ಒಂದು ಕಾಲ್ ಬಂತು ಅಂದ್ಕೊಳ್ರಿ. ರಾತ್ರಿ ಹತ್ತೂವರೆ. "ಮಗ ಕುಡಿದು ಬಂದು ಕುಡುಗೋಲು ಹಿಡ್ಕೊಂಡಾನ, ಅವ್ರವ್ವನ್ನ ಕಡೀತೀನಿ ಅಂತಾನ, ಲಗೂನ ಬರ್ರಿ." ಇಷ್ಟು ಹೇಳಿ ಕಟ್. ಗಾಡೀಲಿ ಇರೋದು ಒಬ್ಬ ಎಎಸ್‌ಐ, ಒಬ್ಬ ಡ್ರೈವರ್, ಅದೃಷ್ಟ ಚೆನ್ನಾಗಿದ್ರೆ ಇನ್ನೊಬ್ಬ ಪಿಸಿ, ಅಂದ್ರೆ ಕಾನ್‌ಸ್ಟೇಬಲ್. ಕೈಯಲ್ಲಿ ಲಾಠಿ, ಟಾರ್ಚು, ವಾಕಿಟಾಕಿ. ಪಿಸ್ತೂಲ್ ಸಾಮಾನ್ಯವಾಗಿ ಇರಲ್ಲ, ಇದನ್ನ ಮರೀಬೇಡ್ರಿ, ಮುಂದೆ ಇದೇ ಮುಖ್ಯ ಆಗುತ್ತೆ.

ಹೊಸ ಹುಡುಗ ಆದ್ರೆ ಸೈರನ್ ಹಾಕ್ಕೊಂಡು ಸೀದಾ ಹೋಗಿ ಮನೆ ಬಾಗಿಲಿಗೇ ಗಾಡಿ ತಂದು ನಿಲ್ಲಿಸ್ತಾನೆ. ಪಳಗಿದ ಎಎಸ್‌ಐ ಗಾಡಿ ಹೊರಟ ಕೂಡ್ಲೇ ಮಾಡೋ ಮೊದಲ ಕೆಲಸ ಆ ನಂಬರಿಗೆ ವಾಪಸ್ ಫೋನ್ ಮಾಡೋದು. ನೀವು ಯಾರು, ಮನೆಯವ್ರಾ ಪಕ್ಕದ ಮನೆಯವ್ರಾ? ಕುಡುಗೋಲು ನೀವೇ ಕಣ್ಣಾರೆ ಕಂಡ್ರಾ ಅಥವಾ ಯಾರೋ ಹೇಳಿದ್ದಾ? ಕೈಯಲ್ಲಿದೆಯಾ, ಗೋಡೆಗೆ ಸಿಕ್ಕಿಸಿದ್ದಾ? ಅವ್ವ ಒಳಗಿದಾಳಾ ಹೊರಗೆ ಬಂದಿದಾಳಾ? ಮಕ್ಕಳು? ಈ ಹುಡುಗ ಹಿಂದೆ ಯಾರಿಗಾದ್ರೂ ಹೊಡೆದಿದಾನಾ, ಬರೀ ಕೂಗಾಡೋನಾ? ಮಾತ್ರೆ ಗೀತ್ರೆ ತಗೊಳ್ತಿದ್ನಾ, ಬಿಟ್ಟಿದಾನಾ? ಆಮೇಲೆ ಆ ಏರಿಯಾದ ಬೀಟ್ ಪೊಲೀಸ್‌ಗೆ ಇನ್ನೊಂದು ಫೋನ್. ಅವನಿಗೆ ಆ ಮನೆ ಗೊತ್ತಿರುತ್ತೆ, "ಸಾರ್ ಅವನು ಕುಡಿದಾಗ ಕೂಗ್ತಾನೆ, ಅವ್ರ ದೊಡ್ಡಪ್ಪ ಬಂದ್ರೆ ತಣ್ಣಗಾಗ್ತಾನೆ" ಅಂತ ಅವನು ಹೇಳೋ ಒಂದು ಮಾತು ಎಷ್ಟೋ ಸಲ ಇಡೀ ಕೇಸನ್ನೇ ಮುಗಿಸಿಬಿಡುತ್ತೆ.

ಈ ಫೋನ್ ವಿಷಯ ಯಾಕೆ ಇಷ್ಟು ಎಳೀತಿದೀನಿ ಅಂದ್ರೆ, ಅಮೆರಿಕದ ಕ್ಲೀವ್‌ಲ್ಯಾಂಡಲ್ಲಿ 2014ರ ನವೆಂಬರಲ್ಲಿ ಟಮೀರ್ ರೈಸ್ ಅಂತ 12 ವರ್ಷದ ಹುಡುಗ ಪಾರ್ಕಲ್ಲಿ ಆಟಿಕೆ ಗನ್ ಹಿಡ್ಕೊಂಡು ಆಡ್ತಿದ್ದ. ಫೋನ್ ಮಾಡಿದ ಮನುಷ್ಯ ಎರಡು ಮಾತು ಸ್ಪಷ್ಟವಾಗಿ ಹೇಳಿದ್ದ, ಗನ್ನು ಬಹುಶಃ ನಕಲಿ, ಹಿಡ್ಕೊಂಡಿರೋನು ಬಹುಶಃ ಚಿಕ್ಕ ಹುಡುಗ ಅಂತ. ಆ ಎರಡೂ ಮಾತು ಕಂಟ್ರೋಲ್ ರೂಮಲ್ಲೇ ಉಳೀತು, ಗಾಡೀಲಿದ್ದ ಪೊಲೀಸರಿಗೆ ಸಿಕ್ಕಿದ್ದು ಗನ್ ಹಿಡ್ಕೊಂಡ ಒಬ್ಬ ಇದಾನೆ ಅನ್ನೋದು ಮಾತ್ರ. ಕಾರು ಹುಲ್ಲಿನ ಮೇಲೇ ಬಂದು ಹುಡುಗನ ಪಕ್ಕದಲ್ಲೇ ನಿಲ್ತು. ನಿಂತ ಎರಡು ಸೆಕೆಂಡ್ ಒಳಗೆ ಗುಂಡು. ವಿಡಿಯೋ ನೋಡಿದವ್ರೆಲ್ಲ ಆ ಎರಡು ಸೆಕೆಂಡ್ ಬಗ್ಗೆನೇ ವಾದ ಮಾಡ್ತಾರೆ, ಆ ಪೊಲೀಸ್ ಅಧಿಕಾರಿಗೆ ಏನು ಕಾಣಿಸ್ತು, ಹುಡುಗ ಸೊಂಟಕ್ಕೆ ಕೈ ಹಾಕಿದ್ನಾ ಇಲ್ವಾ ಅಂತ. ನಾನು ಕೇಳೋದು, ಆ ಕಾರನ್ನ ಐವತ್ತು ಮೀಟರ್ ದೂರದಲ್ಲಿ ನಿಲ್ಲಿಸಿ, ಮೈಕಲ್ಲಿ ಕೂಗಿದ್ರೆ ಎರಡು ಸೆಕೆಂಡಲ್ಲಿ ತೀರ್ಮಾನ ಮಾಡೋ ಪರಿಸ್ಥಿತಿನಾದ್ರೂ ಬರ್ತಿತ್ತಾ?

ನಮ್ಮ ಕುಡುಗೋಲಿನ ಮನೆಗೆ ವಾಪಸ್ ಬರೋಣ. ಕೊನೇ ತಿರುವಿಗಿಂತ ಮುಂಚೆನೇ ಸೈರನ್ ಬಂದ್. ಗಾಡಿ ಮನೆ ಮುಂದೆ ಬೇಡ, ಎರಡು ಮನೆ ಹಿಂದೆ, ಮೂತಿ ವಾಪಸ್ ಹೋಗೋ ಕಡೆ. ಮಂಡಕ್ಕಿ ಭಟ್ಟಿ ಕಡೆ ಗಲ್ಲಿಗಳನ್ನ ನೋಡಿದೀರಲ್ಲ, ಒಳಗೆ ನುಗ್ಗಿಸಿಬಿಟ್ರೆ ರಿವರ್ಸ್ ತೆಗೆಯೋಕೇ ಹತ್ತು ನಿಮಿಷ ಬೇಕು, ಅಷ್ಟರಲ್ಲಿ ಊರೆಲ್ಲ ಸುತ್ತ ಸೇರಿರುತ್ತೆ. ಇಳಿದ ಮೇಲೆ ಒಂದರ್ಧ ನಿಮಿಷ ಸುಮ್ನೆ ನಿಂತು ಕೇಳಬೇಕು. ಒಳಗೆ ಇಬ್ಬರ ದನಿ ಇದೆಯಾ ಒಬ್ಬನದೇನಾ? ಕೂಗಾಟ ಇದ್ರೆ ಒಂದು ಲೆಕ್ಕ, ಕೂಗಾಟ ಇದ್ದು ಇದ್ದಕ್ಕಿದ್ದಂಗೆ ನಿಂತುಹೋದ್ರೆ ಇನ್ನೊಂದು ಲೆಕ್ಕ, ಎರಡನೇದಕ್ಕೆ ಜಾಸ್ತಿ ಹೆದರಬೇಕು. ಬಾಗಿಲ ಎದುರಿಗೆ ಯಾವತ್ತೂ ನಿಲ್ಲಬಾರದು, ಪಕ್ಕದ ಗೋಡೆಗೆ ಹತ್ತಿ ನಿಲ್ಲಬೇಕು, ಬಾಗಿಲು ಒಳಗೆ ತೆಗೆಯುತ್ತಾ ಹೊರಗಾ ಅಂತ ನೋಡ್ಕೋಬೇಕು, ನಮ್ಮ ಟಾರ್ಚ್ ಬೆಳಕಲ್ಲಿ ನಾವೇ ಕಾಣೋ ಥರ ನಿಂತ್ಕೋಬಾರದು. ಅಡುಗೆಮನೆ ಎಲ್ಲಿ ಅಂತ ಗೊತ್ತಿರಬೇಕು, ಯಾಕಂದ್ರೆ ಚಾಕು, ಒಲೆ, ಸಿಲಿಂಡರ್, ಬಿಸಿ ಎಣ್ಣೆ ಎಲ್ಲ ಇರೋದು ಅಲ್ಲೇ, ಮಾತಾಡ್ತಾ ಮಾತಾಡ್ತಾ ಅವನು ಆ ಕಡೆ ಸರಿದ್ರೆ ಅದು ಸುಮ್ನೆ ಸರಿಯೋದಲ್ಲ.

ದೂರದ ವಿಷಯಕ್ಕೆ ಒಂದು ಹಳೇ ಲೆಕ್ಕ ಇದೆ. 1983ರಲ್ಲಿ ಸಾಲ್ಟ್ ಲೇಕ್ ಸಿಟಿಯ ಡೆನಿಸ್ ಟ್ಯೂಲರ್ ಅನ್ನೋ ಪೊಲೀಸ್ ತರಬೇತುದಾರ ಬರೆದಿದ್ದು. ಚಾಕು ಹಿಡಿದ ಮನುಷ್ಯ 21 ಅಡಿ ಓಡಿ ಬರೋಕೆ ಸುಮಾರು ಒಂದೂವರೆ ಸೆಕೆಂಡ್ ಸಾಕು, ಪೊಲೀಸ್‌ಗೆ ಸೊಂಟದ ಗನ್ ತೆಗೆದು ಹೊಡೆಯೋಕೂ ಹೆಚ್ಚುಕಮ್ಮಿ ಅಷ್ಟೇ ಬೇಕು. ಆತ ಹೇಳೋಕೆ ಹೊರಟಿದ್ದು ಇಷ್ಟು ಹತ್ತಿರ ಇರೋದು ಡೇಂಜರ್, ದೂರ ಇಟ್ಕೊಳ್ರಿ, ಅಡ್ಡ ಏನಾದ್ರೂ ಇಟ್ಕೊಳ್ರಿ ಅಂತ. ಜನ ಅದನ್ನ ತಿರುಚಿ, 21 ಅಡಿ ಒಳಗೆ ಚಾಕು ಬಂದ್ರೆ ಗುಂಡು ಹಾರಿಸಬಹುದು ಅನ್ನೋ ರೂಲ್ ಮಾಡ್ಕೊಂಡ್ರು. ಅದು ರೂಲೂ ಅಲ್ಲ, ಕಾನೂನೂ ಅಲ್ಲ. ಈಗ ಇಲ್ಲಿ ನೋಡ್ರಿ, ನಮ್ಮ ಎಎಸ್‌ಐ ಹತ್ರ ಗನ್ನೇ ಇಲ್ಲ. ಹಂಗಾಗಿ ಅವನಿಗೆ ಆ ಲೆಕ್ಕದಲ್ಲಿ ಉಪಯೋಗಕ್ಕೆ ಬರೋದು ಅರ್ಧ ಮಾತ್ರ, ದೂರ ಮತ್ತು ಅಡ್ಡ. ಅಂಗಳದಲ್ಲಿ ನಿಂತಿರೋ ಬೈಕು, ನೀರಿನ ಡ್ರಮ್ಮು, ಎತ್ತಿನಗಾಡಿ, ಒಂದು ಮಂಚ ಆದ್ರೂ ಸರಿ, ಅವನಿಗೂ ನಮಗೂ ನಡುವೆ ಇರಬೇಕು. ನಮ್ಮೂರ ಪೊಲೀಸ್ರು ಇದನ್ನ ಯಾವ ಪುಸ್ತಕನೂ ಓದದೇ ಮಾಡ್ತಾರೆ, ಕೇಳಿದ್ರೆ ವಿವರಿಸೋಕೆ ಬರಲ್ಲ ಅಷ್ಟೆ.

ಆಮೇಲೆ ಕೈ. ಕೆಂಪು ಕಣ್ಣು, ದೊಡ್ಡ ದನಿ, ಕೆಟ್ಟ ಬೈಗುಳ, ಇವು ನಮ್ಮನ್ನ ಹೆದರಿಸ್ತವೆ ಆದ್ರೆ ಏನೂ ಮಾಡಲ್ಲ, ಏನಾದ್ರೂ ಮಾಡೋದಿದ್ರೆ ಕೈಯೇ ಮಾಡಬೇಕು. ಎರಡೂ ಕೈ ಕಾಣ್ತಿದೆಯಾ? ಒಂದು ಬೆನ್ನ ಹಿಂದೆ ಇದೆಯಾ, ಲುಂಗಿ ಮಡಿಕೆಯಲ್ಲಿದೆಯಾ, ಟವಲ್ ಕೆಳಗಿದೆಯಾ? ಕುಡುಗೋಲು ಕೆಳಗೆ ಜೋತುಬಿದ್ದಿದೆಯಾ, ಮುಷ್ಟಿ ಬಿಗಿಯಾಗಿ ಭುಜದ ಮಟ್ಟಕ್ಕೆ ಬರ್ತಿದೆಯಾ? ಇದನ್ನ ನೋಡೋಕೆ ಅಂತಲೇ ಒಬ್ಬ ಬೇಕು. ಸ್ಯಾನ್ ಡಿಯೇಗೋ ಪೊಲೀಸರು ಎಂಬತ್ತರ ದಶಕದಲ್ಲಿ ತಮ್ಮ ಇಬ್ಬರನ್ನ ಒಂದೇ ಘಟನೇಲಿ ಕಳ್ಕೊಂಡ ಮೇಲೆ ಒಂದು ಪದ್ಧತಿ ತಂದ್ರು, ಒಬ್ಬ ಮಾತಾಡ್ತಾನೆ, ಇನ್ನೊಬ್ಬ ಮಾತಾಡಲ್ಲ, ಬರೀ ನೋಡ್ತಾನೆ. ಕೇಳೋಕೆ ಸಣ್ಣ ವಿಷಯ. ನಮ್ಮಲ್ಲಿ ಏನಾಗುತ್ತೆ ಗೊತ್ತಲ್ಲ, ಎಎಸ್‌ಐ ಮಾತಾಡ್ತಾನೆ, ಡ್ರೈವರ್ ಮಾತಾಡ್ತಾನೆ, ಗ್ರಾಮ ಪಂಚಾಯ್ತಿ ಮೆಂಬರ್ ಬಂದು ಮಾತಾಡ್ತಾನೆ, ಪಕ್ಕದ್ಮನೆ ಅಜ್ಜಿ "ಹಾಕ್ರಿ ಸಾಹೇಬ್ರೆ ಎಲ್ಡು" ಅಂತ ಕೂಗ್ತಾಳೆ. ಒಬ್ಬ ಕೈ ಮೇಲೆತ್ತು ಅಂತಾನೆ, ಇನ್ನೊಬ್ಬ ಅಲ್ಲಾಡಿದ್ರೆ ನೋಡು ಅಂತಾನೆ, ಮೂರನೆಯವನು ಕುಡುಗೋಲು ಇತ್ಲಾಗ್ ಎಸಿ ಅಂತಾನೆ. ಆ ಕುಡುಕ ಪಾಪ ಯಾರ ಮಾತು ಕೇಳಿದ್ರೂ ಇನ್ನೊಬ್ಬರ ಮಾತು ಮುರಿದಂಗೇ. ಒಬ್ಬರೇ ಮಾತಾಡ್ರಿ, ಅದೂ ಮೆಲ್ಲಗೆ, ಹೆಸರು ಹಿಡಿದು. "ತಮ್ಮಾ, ನಾನು ಒಳಗೆ ಬರಲ್ಲ, ಇಲ್ಲೇ ಇರ್ತೀನಿ, ಅದನ್ನ ಕೆಳಗಿಟ್ಟು ನೀರು ಕುಡಿ" ಅಂದ್ರೆ ಅವನಿಗೂ ಮರ್ಯಾದೆ ಉಳಿಯೋ ಒಂದು ದಾರಿ ಸಿಗುತ್ತೆ. ಹತ್ತು ನಿಮಿಷ ಹೋಗ್ಲಿ ಬಿಡ್ರಿ, ಅವ್ವ ಹೊರಗೆ ಬಂದಿದಾಳೆ ಅಂದ್ರೆ ನಮಗೇನು ಅರ್ಜೆಂಟು? ಹೊತ್ತು ಹೋದಷ್ಟೂ ಅವನ ಕೈ ಸೋಲುತ್ತೆ, ನಮಗೆ ಜನ ಬರ್ತಾರೆ. ಅವ್ವ ಒಳಗೇ ಇದಾಳೆ, ಚೀರ್ತಿದಾಳೆ ಅಂದ್ರೆ ಆಗ ಇದ್ಯಾವುದೂ ಇಲ್ಲ, ಲಾಠಿ ಹಿಡ್ಕೊಂಡು ಬಾಗಿಲು ಒದ್ದು ಒಳಗೆ ಹೋಗ್ಲೇಬೇಕು, ಸಂಬಳ ಕೊಡೋದು ಅದಕ್ಕೇ.

ಕೈ ನೋಡೋದ್ರಲ್ಲೂ ಮೋಸ ಇದೆ. 1999ರಲ್ಲಿ ನ್ಯೂಯಾರ್ಕಲ್ಲಿ ಅಮದೂ ಡಿಯಾಲೋ ಅನ್ನೋ ಯುವಕ ತನ್ನ ಮನೆ ಬಾಗಿಲಲ್ಲಿ ನಿಂತು ಜೇಬಿಂದ ಪರ್ಸ್ ತೆಗೆದ, ನಾಲ್ಕು ಜನ ಪೊಲೀಸರು ಅದನ್ನ ಗನ್ ಅಂದ್ಕೊಂಡು 41 ಗುಂಡು ಹಾರಿಸಿದ್ರು. ಕಣ್ಣು ಕ್ಯಾಮೆರಾ ಅಲ್ಲ, ಮೊದಲೇ ತಲೇಲಿ ಏನಿದೆಯೋ ಅದನ್ನೇ ಕಾಣುತ್ತೆ. ಎದೆ ಹೊಡ್ಕೊಳ್ತಿದ್ದಾಗಂತೂ ದೃಷ್ಟಿ ಕೊಳವೆ ಥರ ಆಗುತ್ತೆ, ಪಕ್ಕದಲ್ಲಿರೋನು ಕೂಗಿದ್ದೂ ಕೇಳಿಸಲ್ಲ, ಇದು ಧೈರ್ಯ ಇದ್ದೋರಿಗೂ ಆಗುತ್ತೆ.

ಅದಕ್ಕೇ ನಾನು ಏರಿಯಾ ನೋಡಿ ಅಪಾಯ ಅಳೆಯೋದನ್ನ ವಿರೋಧಿಸ್ತೀನಿ. ಅನುಕೂಲಸ್ಥರು ಇರೋ ಎಂಸಿಸಿ ಬಿ ಬ್ಲಾಕಿಂದ ಗಲಾಟೆ ಅಂತ ಕಾಲ್ ಬಂದ್ರೆ ಇಬ್ಬರು ನಗ್ತಾ ಹೋಗ್ತಾರೆ, ಹಳೇ ಊರ ಕಡೆ ಒಂದು ಗಲ್ಲಿ ಹೆಸರು ಬಂದ್ರೆ ಗಾಡಿ ಹತ್ತುವಾಗಲೇ ಮುಖ ಗಂಟಾಗಿರುತ್ತೆ. ಇಬ್ಬರು ನಗ್ತಾ ಹೋದ ಕಡೆನೇ ಲೈಸೆನ್ಸ್ ಗನ್ ಇರೋದು ಅನ್ನೋದು ಯಾರಿಗೂ ನೆನಪಾಗಲ್ಲ. ಹಂಗೇ ರೌಡಿಶೀಟ್. ಶೀಟ್ ಓಪನ್ ಆದ ಮೇಲೆ ಹದಿನೈದು ವರ್ಷ ಟೀ ಅಂಗಡಿ ಇಟ್ಕೊಂಡು ಇದ್ರೂ ಅವನು ರೌಡಿನೇ, ಶೀಟ್ ಇಲ್ಲದ ಮನುಷ್ಯ ಹೆಂಡತೀನ ದಿನಾ ಹೊಡೀತಿದ್ರೂ ಅವನು ಮರ್ಯಾದಸ್ಥನೇ.

ಹೆಂಡತಿ ಅಂದೆ ಅಲ್ವಾ, ಇಲ್ಲಿ ಸ್ವಲ್ಪ ಹೊತ್ತು ನಿಲ್ತೀನಿ, ನೀವು ನಾಳೆ ಲಾಯರ್ ಆಗೋರು, ಇದು ನಿಮಗೂ ಬೇಕು. ಗಂಡ ಹೆಂಡತಿ ಜಗಳ ಅಂದ್ರೆ ನಮ್ಮ ಸ್ಟೇಷನ್‌ಗಳಲ್ಲಿ ಇವತ್ತಿಗೂ ಅದು ಚಿಲ್ಲರೆ ಕೇಸು, ಕೂರಿಸಿ ಬುದ್ಧಿ ಹೇಳಿ ಕಳ್ಸು ಅನ್ನೋ ಲೆಕ್ಕ. ಆದ್ರೆ ಮುಂದೆ ಕೊಲೆ ಆಗುತ್ತಾ ಅಂತ ಮೊದಲೇ ಸುಳಿವು ಸಿಗೋ ಕೇಸು ಯಾವುದಾದ್ರೂ ಇದ್ರೆ ಅದು ಇದೇ. ಅಮೆರಿಕದಲ್ಲಿ ಜಾಕ್ವೆಲಿನ್ ಕ್ಯಾಂಪ್‌ಬೆಲ್ ಅನ್ನೋ ನರ್ಸಿಂಗ್ ಪ್ರೊಫೆಸರ್ ಎಂಬತ್ತರ ದಶಕದಿಂದ ಇದರ ಮೇಲೇ ಕೆಲಸ ಮಾಡಿ ಒಂದು ಪ್ರಶ್ನಾವಳಿ ಮಾಡಿದ್ರು, ಅದರ ಮೇಲೆ ಮೇರಿಲ್ಯಾಂಡ್ ಪೊಲೀಸರಿಗೆ ಅಂತ 11 ಪ್ರಶ್ನೆಯ ಚಿಕ್ಕ ಪಟ್ಟಿ ಬಂತು, ಬಾಗಿಲಲ್ಲಿ ನಿಂತೇ ಕೇಳೋ ಅಂಥದ್ದು. ಕೊಲ್ತೀನಿ ಅಂದಿದಾನಾ, ಆಯುಧ ತೋರಿಸಿದಾನಾ, ಎಲ್ಲಿಗೆ ಹೋದ್ರೂ ಹಿಂದೆ ಬರ್ತಾನಾ, ನೀನು ಬಿಟ್ಟು ಹೋಗಿದೀಯಾ ಅಥವಾ ಹೋಗ್ತೀನಿ ಅಂದಿದೀಯಾ, ಕುತ್ತಿಗೆ ಹಿಚುಕಿದಾನಾ. ಈ ಕೊನೇದು ನೋಡ್ರಿ. ಕಪಾಳಕ್ಕೆ ಹೊಡೆದ್ರೆ ಕೆಂಪಗೆ ಬೆರಳು ಮೂಡುತ್ತೆ, ನಾವು ಗಾಯ ಅಂತ ಬರ್ಕೊಳ್ತೀವಿ. ಕುತ್ತಿಗೆ ಹಿಸುಕಿದ್ರೆ ಎಷ್ಟೋ ಸಲ ಹೊರಗೆ ಏನೂ ಕಾಣಲ್ಲ, ದನಿ ಸ್ವಲ್ಪ ಒಡೆದಿರುತ್ತೆ, ನುಂಗೋಕೆ ಕಷ್ಟ ಅಂತಾಳೆ, ಅಷ್ಟೆ. ಆದ್ರೆ ಹಂಗೆ ಕುತ್ತಿಗೆಗೆ ಕೈ ಹಾಕಿಸ್ಕೊಂಡ ಹೆಂಗಸು ಮುಂದೆ ಅದೇ ಗಂಡಸಿನ ಕೈಯಲ್ಲಿ ಸಾಯೋ ಅಪಾಯ ಹಲವು ಪಟ್ಟು ಜಾಸ್ತಿ ಅಂತ ಆ ಸಂಶೋಧನೆಗಳು ತೋರಿಸಿದಾವೆ. ನಮ್ಮ ಹೆಣ್ಮಕ್ಳು ಸ್ಟೇಷನ್ನಿಗೆ ಬಂದು "ಕುತ್ತಿಗಿ ಹಿಡ್ಕಂಡ ರೀ" ಅಂತ ಮೆಲ್ಲಗೆ ಹೇಳ್ತಾರೆ, ಕಂಪ್ಲೇಂಟ್ ಬರ್ಕೊಳ್ಳೋ ಸ್ಟೇಷನ್ ರೈಟರ್ ಅದನ್ನ "ಕೈಗಳಿಂದ ಹಲ್ಲೆ ಮಾಡಿದ" ಅಂತ ಬರೆದು ಮುಗಿಸ್ತಾನೆ. ಆ ಒಂದು ಮಾತು ಕಂಪ್ಲೇಂಟಲ್ಲಿ ಅವಳು ಹೇಳಿದಂಗೇ ಬರಬೇಕು, ಡಾಕ್ಟರ್ ಹತ್ರ ಕಳಿಸಬೇಕು, ಅವತ್ತು ರಾತ್ರಿ ಅವಳನ್ನ ಅದೇ ಮನೆಗೆ ವಾಪಸ್ ಕಳಿಸಬಾರದು. ತವರಿಗೆ ಹೊರಟ ಹೆಂಗಸಿಗೆ ಅಪಾಯ ಮುಗೀತು ಅಂದ್ಕೊಳ್ತೀವಿ, ಬಿಟ್ಟು ಹೋಗೋ ಹೊತ್ತಲ್ಲೇ ಅದು ಏರೋದು.

ಮಾನಸಿಕ ಕಾಯಿಲೆ ಇರೋರ ವಿಷಯ. 2017ರ ಮಾನಸಿಕ ಆರೋಗ್ಯ ಕಾಯ್ದೆ ಸೆಕ್ಷನ್ 100 ಓದ್ರಿ, ಕಾಯಿಲೆಯಿಂದ ತನಗೋ ಬೇರೆಯವರಿಗೋ ಅಪಾಯ ಆಗೋ ಸ್ಥಿತೀಲಿ ಇದ್ದೋರನ್ನ ರಕ್ಷಣೆಗೆ ತಗೊಂಡು 24 ಗಂಟೆ ಒಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕು, ಲಾಕಪ್‌ಗೆ ಹಾಕೋ ಹಂಗೇ ಇಲ್ಲ. ಇಂಥವರ ಮುಂದೆ ಸೈರನ್, ಕೂಗಾಟ, ಸುತ್ತುವರಿಯೋದು ಎಲ್ಲ ಉಲ್ಟಾ ಹೊಡೆಯುತ್ತೆ. ಕುಡುಕನಿಗೆ ಹೆದರಿಕೆ ಹಾಕಿದ್ರೆ ಒಮ್ಮೊಮ್ಮೆ ಕೆಲಸ ಆಗುತ್ತೆ, ಇವರಿಗೆ ಹೆದರಿಕೆನೇ ಕಾಯಿಲೆ.

ಹೈವೇ ಬಗ್ಗೆ ಎರಡೇ ಮಾತು. ಹಿರಿಯೂರು, ಚಿತ್ರದುರ್ಗ, ದಾವಣಗೆರೆ ಮೇಲೆ ಹೋಗೋ ನ್ಯಾಷನಲ್ ಹೈವೇ 48ರಲ್ಲಿ ರಾತ್ರಿ ಗಾಡಿ ತಡೆದಾಗ ಒಳಗೆ ಯಾರಿದಾರೆ ಅಂತ ಹೆದರ್ತೀವಿ, ಆದ್ರೆ ಪೊಲೀಸ್‌ನ ಕೊಲ್ಲೋದು ಹೆಚ್ಚಾಗಿ ಹಿಂದಿಂದ ಬರೋ ಲಾರಿ. ರಿಫ್ಲೆಕ್ಟರ್ ಜಾಕೆಟ್, ಕೋನು, ರಸ್ತೆಗೆ ಬೆನ್ನು ಹಾಕದೇ ನಿಲ್ಲೋದು. ಅಷ್ಟೆ.

ಜನಸಂದಣಿ ಬೇರೆ ಲೋಕ. ಚಿತ್ರದುರ್ಗದ ಹಿಂದೂ ಮಹಾಗಣಪತಿ ಶೋಭಾಯಾತ್ರೆ ಬಂದೋಬಸ್ತ್ ಮಾಡಿದೋರಿಗೆ ಗೊತ್ತು, ಕಣ್ಣು ಹಾಯಿಸಿದಷ್ಟೂ ತಲೆ, ಡಿಜೆ ಸೌಂಡಿಗೆ ವಾಕಿಟಾಕಿ ಕೇಳಲ್ಲ. ಹಳೇ ಪಾಠ ಏನಿತ್ತು ಅಂದ್ರೆ ಗುಂಪಿಗೆ ತಲೆ ಇರಲ್ಲ, ಮೊದಲೇ ಹೆಲ್ಮೆಟ್ ಲಾಠಿ ತೋರಿಸಿ ನಿಲ್ಲಿಸ್ರಿ ಅಂತ. ಆದ್ರೆ ಜನಸಂದಣಿ ಮೇಲೆ ಸಂಶೋಧನೆ ಮಾಡೋ ಬ್ರಿಟನ್ನಿನ ಕ್ಲಿಫರ್ಡ್ ಸ್ಟಾಟ್ ಥರದೋರು ಫುಟ್ಬಾಲ್ ಗುಂಪುಗಳ ಒಳಗೇ ಹೋಗಿ ನೋಡಿ ಹೇಳಿದ್ದು ಬೇರೆ. ಗುಂಪಲ್ಲಿ ಹತ್ತು ಜನ ಕಲ್ಲು ಎಸೆಯೋಕೆ ಬಂದಿರ್ತಾರೆ, ಮಿಕ್ಕೋರು ಕುಣಿಯೋಕೆ ಬಂದಿರ್ತಾರೆ, ನೀವು ಎಲ್ಲರನ್ನೂ ಕಲ್ಲೆಸೆಯೋರು ಅಂದ್ಕೊಂಡು ಲಾಠಿ ಬೀಸಿದ್ರೆ ಕುಣಿಯೋಕೆ ಬಂದೋನೂ ಆ ಹತ್ತು ಜನರ ಜೊತೆ ಸೇರ್ತಾನೆ. 2004ರ ಯೂರೋ ಕಪ್‌ನಲ್ಲಿ ಪೋರ್ಚುಗಲ್ ಪೊಲೀಸರು ಮಾಮೂಲಿ ಯೂನಿಫಾರ್ಮಲ್ಲಿ ಜನರ ಜೊತೆ ಮಾತಾಡ್ಕೊಂಡು ನಿಂತು, ರಯಟ್ ಗೇರ್‌ನೋರನ್ನ ಕಣ್ಣಿಗೆ ಕಾಣದಂಗೆ ಹಿಂದೆ ಇಟ್ಟಿದ್ರು, ಅವರ ನಗರಗಳಲ್ಲಿ ಗಲಾಟೆ ಬಹಳ ಕಮ್ಮಿ ಆಯ್ತು. ನಮ್ಮಲ್ಲಿ ಒಳ್ಳೇ ಇನ್ಸ್‌ಪೆಕ್ಟರ್ ಮೆರವಣಿಗೆಗೆ ವಾರ ಮುಂಚೆ ಮಂಡಳಿ ಹುಡುಗ್ರನ್ನ ಕರೆದು ಟೀ ಕುಡಿಸ್ತಾನಲ್ಲ, ಅದೂ ಇದೇ ಕೆಲಸ.

ಈಗ ನೀವೆಲ್ಲ ಕಾಯ್ತಿರೋ ವಿಷಯ, ಗೊತ್ತು ನಂಗೆ. "ಆತ್ಮರಕ್ಷಣೆಗಾಗಿ ಆರೋಪಿ ಕಾಲಿಗೆ ಗುಂಡು". ಪೇಪರಲ್ಲಿ ಬರೋ ಸುದ್ದಿ ಒಂದೇ ಅಚ್ಚು, ಸ್ಥಳ ಮಹಜರಿಗೆ ಕರ್ಕೊಂಡು ಹೋದಾಗ ಆರೋಪಿ ಹಲ್ಲೆಗೆ ಯತ್ನಿಸಿದ. ಯಾವ ಕೇಸ್ ನಿಜ ಯಾವುದು ಸುಳ್ಳು ಅಂತ ನಾನು ಹೇಳಲ್ಲ, ಆತ್ಮರಕ್ಷಣೆ ಹಕ್ಕು ಪೊಲೀಸ್‌ಗೂ ಇದೆ, ಬಿಎನ್‌ಎಸ್, ಅಂದ್ರೆ ಐಪಿಸಿ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆ, ಸೆಕ್ಷನ್ 34ರಿಂದ 44ರವರೆಗೆ ಓದ್ರಿ, ಆದ್ರೆ 37 ಬಿಡಬೇಡ್ರಿ, ರಕ್ಷಣೆಗೆ ಬೇಕಾದಷ್ಟಕ್ಕಿಂತ ಜಾಸ್ತಿ ಹಾನಿ ಮಾಡೋ ಹಕ್ಕಿಲ್ಲ. ನನ್ನ ಪ್ರಶ್ನೆ ಅದಕ್ಕೂ ಹಿಂದಿನದು. ಕೊಲೆ ಆರೋಪಿನ ಬೆಳಗಿನ ಜಾವ ಪೊದೆ ಇರೋ ಜಾಗಕ್ಕೆ ಮೂರು ಜನ ಕರ್ಕೊಂಡು ಹೋದ್ರಿ, ಅವನು ಮಚ್ಚು ಬಚ್ಚಿಟ್ಟ ಜಾಗವನ್ನ ಅವನ ಕೈಯಿಂದಲೇ ತೋರಿಸೋಕೆ ಬಿಟ್ರಿ, ಅಂದ್ರೆ ಅಪಾಯ ಅಳೆದಿದ್ದು ಯಾರು? ಸಿಆರ್‌ಪಿಸಿ ಜಾಗಕ್ಕೆ ಬಂದ ಹೊಸ ಬಿಎನ್‌ಎಸ್‌ಎಸ್ ಸೆಕ್ಷನ್ 43ರಲ್ಲಿ ಕೊಲೆ ಥರದ ಕೇಸಲ್ಲಿ ಕೈಕೋಳ ಹಾಕೋಕೆ ಅವಕಾಶನೂ ಇದೆ, ಹಗಲು ಹೊತ್ತಿದೆ, ಜಿಲ್ಲಾ ಸಶಸ್ತ್ರ ಮೀಸಲು ಪಡೆ ಡಿಎಆರ್‌ನೋರು ಇದಾರೆ. 2014ರಲ್ಲಿ ಪಿಯುಸಿಎಲ್ ಅನ್ನೋ ನಾಗರಿಕ ಹಕ್ಕುಗಳ ಸಂಘಟನೆ ಹಾಕಿದ ಕೇಸಲ್ಲಿ ಸುಪ್ರೀಂ ಕೋರ್ಟ್ ಪೊಲೀಸ್ ಎನ್‌ಕೌಂಟರ್ ಬಗ್ಗೆ 16 ಸೂಚನೆ ಕೊಡ್ತು, ಎಫ್‌ಐಆರ್ ಆಗಬೇಕು, ತನಿಖೆ ಸಿಐಡಿ ಅಥವಾ ಬೇರೆ ಠಾಣೆಯೋರು ಮಾಡಬೇಕು ಅಂತೆಲ್ಲ. ಅದು ಬರೀ ಸತ್ತ ಕೇಸಿಗಲ್ಲ, ತೀವ್ರ ಗಾಯ ಆದ್ರೂ ಅನ್ವಯ ಅಂತ ಅದೇ ತೀರ್ಪಲ್ಲಿದೆ. ಕಾಲಿಗೆ ಬಿದ್ದ ಗುಂಡು ಮೂಳೆ ಮುರಿದ್ರೆ ಅದು ತೀವ್ರ ಗಾಯವೇ ಕಣ್ರಪ್ಪ. ಕೋರ್ಟಲ್ಲಿ ಪ್ರಶ್ನೆ ಕೇಳೋದಿದ್ರೆ ಗುಂಡು ಹಾರಿದ ಕ್ಷಣದ ಬಗ್ಗೆ ಮಾತ್ರ ಕೇಳಬೇಡ್ರಿ. ಹೊರಡೋಕೆ ಮುಂಚೆ ಸ್ಟೇಷನ್ ಡೈರೀಲಿ ಏನು ಬರೆದ್ರಿ, ಎಷ್ಟು ಜನ ಹೋದ್ರಿ, ಆ ಹೊತ್ತೇ ಯಾಕೆ ಅಂತ ಕೇಳ್ರಿ.

ಕೊನೆಗೆ ಸುಮಾರು ಪ್ರಶ್ನೆ ಬಂದ್ವು. ಒಬ್ಬ ಹುಡುಗ, ಸಾರ್ ಹೆದರಿಕೆ ಆಗಲ್ವಾ ಅಂದ. ಆಗುತ್ತೆ, ಆಗಲ್ಲ ಅನ್ನೋನ ಜೊತೆ ನಾನು ಡ್ಯೂಟಿಗೆ ಹೋಗ್ತಿರ್ಲಿಲ್ಲ. ಇನ್ನೊಬ್ಬ ಹುಡುಗಿ ಒಳ್ಳೇದು ಕೇಳಿದ್ಲು, ನಾವು ಜನ 112ಕ್ಕೆ ಫೋನ್ ಮಾಡಿದಾಗ ಏನು ಹೇಳಿದ್ರೆ ನಿಮಗೆ ಉಪಯೋಗ ಅಂತ. ನೋಡಮ್ಮ, ಮೊದಲು ಜಾಗ, ಅದೂ ಎಲ್ರಿಗೂ ಗೊತ್ತಿರೋ ಗುರುತು ಹಿಡಿದು, ಗುಂಡಿ ಸರ್ಕಲ್‌ನಿಂದ ಯಾವ ಕಡೆ, ಎಷ್ಟನೇ ಕ್ರಾಸ್ ಅಂತ. ಆಮೇಲೆ ಕಣ್ಣಲ್ಲಿ ಕಂಡಿದ್ದು ಬೇರೆ, ಕಿವೀಲಿ ಕೇಳಿದ್ದು ಬೇರೆ ಮಾಡಿ ಹೇಳಬೇಕು. ಕೈಯಲ್ಲಿ ಏನಿದೆ, ಕುಡಿದಿದಾನಾ, ಒಳಗೆ ಮಕ್ಕಳು ಮುದುಕರು ಎಷ್ಟು ಜನ, ಹಿಂದೆ ಇನ್ನೊಂದು ಬಾಗಿಲಿದೆಯಾ. ಕಾಯಿಲೆ ಇದ್ದೋರಾದ್ರೆ ಮುಚ್ಚಿಡದೇ ಹೇಳ್ರಿ, ಮಾನ ಹೋಗುತ್ತೆ ಅಂತ ಮನೆಯವ್ರು ಅದೊಂದನ್ನ ಬಿಟ್ಟು ಎಲ್ಲ ಹೇಳ್ತಾರೆ. ಮತ್ತೆ ಬೇಗ ಬರ್ಲಿ ಅಂತ ಇಲ್ಲದ ಮಚ್ಚನ್ನ ಸೇರಿಸಬೇಡ್ರಿ, ಬರೋನು ಆ ಮಚ್ಚನ್ನ ತಲೇಲಿ ಇಟ್ಕೊಂಡೇ ಬರ್ತಾನೆ, ಅಲ್ಲಿ ನಿಮ್ಮಣ್ಣ ಮೊಬೈಲ್ ಹಿಡ್ಕೊಂಡು ನಿಂತಿರ್ತಾನೆ. ಹೇಳಿದ ಮೇಲೆ ಫೋನ್ ಸ್ವಿಚ್ ಆಫ್ ಮಾಡಬೇಡ್ರಿ, ವಾಪಸ್ ಮಾಡ್ತೀವಿ, ಎತ್ರಿ.